ಮಗುವಿನ ಹಿತಕ್ಕೊಂದು ಫ್ರಿಜ್ಜು

ತಿಂಗಳಿಗೆ ಎರಡು ಶನಿವಾರ, ಹನ್ನೊಂದರಿಂದ ಒಂದು ಗಂಟೆಯವರೆಗೆ, ಅಪ್ಪ ಮಗಳನ್ನು ಭೇಟಿಯಾಗಬಹುದು ಎಂದು ಕೋರ್ಟು ಹೇಳಿತ್ತು. ಎಲ್ಲಿ ಎಂಬುದನ್ನೂ ಕೋರ್ಟೇ ಹೇಳಿತ್ತು. ಕೋರ್ಟಿನ ಹಿಂದುಗಡೆ ಹಳೇ ಫೈಲುಗಳನ್ನು ತುಂಬುತ್ತಿದ್ದ ಒಂದು ಕೋಣೆ. ಫೈಲುಗಳನ್ನು ಒಂದು ಗೋಡೆಗೆ ಒತ್ತಿ, ಉಳಿದ ಗೋಡೆಗಳ ಮೇಲೆ ಆನೆ, ಮೊಲ, ಜಿಂಕೆ ಬರೆಸಿ 'ಮಕ್ಕಳ ಕೋಣೆ' ಎಂದು ಬೋರ್ಡು ಹಾಕಿದ್ದರು. ಬೂದು ಬಣ್ಣ ಮುಗಿದಿದ್ದರಿಂದ ಆನೆಯ ಹಿಂಭಾಗ ಹಸಿರಾಗಿತ್ತು. ಆಡಲು ಒಂದು ಪ್ಲಾಸ್ಟಿಕ್ ಕುದುರೆ. ಅದಕ್ಕೆ ಮೂರೇ ಕಾಲು.

ವಿಶಾಖಾ ಏಳು ವರ್ಷದ ಮಗಳು ಸುಮನಳನ್ನು ಬೀದರಿನ ಮೈಲೂರಿನಿಂದ ಆಟೋದಲ್ಲಿ ಕರೆತರುತ್ತಿದ್ದಳು. ಗಂಡ ಅಶ್ವಜಿತ ಭಾಲ್ಕಿಯಿಂದ ಬರುತ್ತಿದ್ದ. ಬಂದವನೇ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ. ಆಮೇಲೆ ಫೋನು ತೆಗೆದು ಕೋರ್ಟಿನ ಜವಾನ ನಿಜಾಮೋದ್ದೀನನ ಕೈಗೆ ಕೊಡುತ್ತಿದ್ದ. ಅವನು ಮಗಳನ್ನು ನೋಡಲು ಬಂದವನಲ್ಲ. ಮಗಳ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದವನು.

"ಕುದುರಿ ಮ್ಯಾಲ ಕುಂದ್ರು."

"ಬೀಳ್ತದ ಪಪ್ಪಾ. ಅದಕ್ಕ ಮೂರೇ ಕಾಲು ಅವ."

"ನಾ ಹಿಡ್ಕೊಂಡೀನಿ. ನಗು."

ಫೋಟೋ ಬರುವವರೆಗೆ ಹಿಡಿದುಕೊಳ್ಳುತ್ತಿದ್ದ. ಬಂದ ಮೇಲೆ ಬಿಡುತ್ತಿದ್ದ. ಕುದುರೆ ಮಗ್ಗುಲಾಗುತ್ತಿತ್ತು. ಆಮೇಲೆ ಕುಲ್ಫಿ. ಕುಲ್ಫಿಯನ್ನು ಮಗಳ ಬಾಯಿಯ ಹತ್ತಿರ ಹಿಡಿಸಿ ಏಳು ಫೋಟೋ. ಅಷ್ಟರಲ್ಲಿ ಅದು ಕರಗಿ ಸುಮನಳ ಮೊಣಕೈಗೆ ಇಳಿಯುತ್ತಿತ್ತು. ತಿನ್ನಲಾ ಎಂದು ಕೇಳಿದರೆ, "ತಡಿ, ಕಣ್ಣು ಮುಚ್ಚಿದ್ದಿ" ಎನ್ನುತ್ತಿದ್ದ. ಹನ್ನೊಂದೂವರೆಗೆ ಫೋಟೋ ಮುಗಿಯುತ್ತಿದ್ದವು. ಉಳಿದ ಒಂದೂವರೆ ತಾಸು ಫೋನು ನೋಡುತ್ತ ಕೂಡುತ್ತಿದ್ದ. ಸುಮನ ಜಿಂಕೆಗೂ ಮೊಲಕ್ಕೂ ಜಗಳ ಹಚ್ಚಿ ತಾನೇ ಬಿಡಿಸುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ವಿಶಾಖಾ ಕಾಯುತ್ತಿದ್ದಳು. ಆ ಹೊತ್ತಿಗೆ ಅವಳು ಖಾನಾವಳಿಯಲ್ಲಿ ನೂರಾ ಐವತ್ತು ಜೋಳದ ರೊಟ್ಟಿ ಬಡಿದು ಬಂದಿರುತ್ತಿದ್ದಳು. ಎಡಗೈಯಲ್ಲಿ. ಬಲಗೈ ಮಣಿಕಟ್ಟು ಒಂದು ಕಡೆ ವಾಲಿತ್ತು. ಹಿಟ್ಟು ನಾದಬಹುದಿತ್ತು, ಬಡಿಯಲು ಬರುತ್ತಿರಲಿಲ್ಲ. ಚಪಾತಿ ತಡವಾಯಿತೆಂದು ಅಶ್ವಜಿತ ಅವಳ ಕೈಯಿಂದಲೇ ಲಟ್ಟಣಿಗೆ ಕಿತ್ತುಕೊಂಡು ಬೀಸಿದ ದಿನ ಅವಳು ಆ ಕೈ ಅಡ್ಡ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ಅತ್ತೆ ಸುಭದ್ರಾಬಾಯಿ, "ಬಚ್ಚಲದಾಗ ಜಾರಿದ್ಳರಿ" ಎಂದು ಉತ್ತರ ಕೊಟ್ಟಿದ್ದಳು. ಡಾಕ್ಟರು ಅದನ್ನೇ ಬರೆದರು. ಬರೆದದ್ದು ಉಳಿಯಿತು.

ಔರಾದ ತಾಲ್ಲೂಕಿನ ಎಕಂಬಾದಲ್ಲಿ ಅವಳ ತವರು. ಅಪ್ಪ ಮಚ್ಛೇಂದ್ರ ಎರಡು ಸಲ ಅವಳನ್ನು ಬುದ್ಧಿ ಹೇಳಿ ಭಾಲ್ಕಿಗೆ ಬಿಟ್ಟು ಬಂದಿದ್ದ. ಮೂರನೇ ಸಲ ಕೈ ನೋಡಿದ. ಒಂದು ಚೀಲ ಜೋಳ ಹೊತ್ತುಕೊಂಡು ಮಗಳ ಜೊತೆ ಬೀದರಿಗೆ ಬಂದು, ಮನೆ ಹುಡುಕಿದ. ಮೈಲೂರಿನಲ್ಲಿ ನಾಲ್ಕು ಮನೆಯವರು ಗಂಡ ಎಲ್ಲಿ ಎಂದು ಕೇಳಿದರು. ಇಬ್ಬರು ಗಂಡನನ್ನೂ ಬಿಟ್ಟು ನೇರ ಜಾತಿಯನ್ನೇ ಕೇಳಿದರು. ಕುಲಸುಮಬೀ ಎಂಬ ಮುದುಕಿ ಮಾತ್ರ, "ನನ್ನ ಬಕರಿ ಒಳಗ ಬರ್ತಾವ. ನಿನಗ ತಕಲೀಫ್ ಇಲ್ಲಲ್ಲ?" ಎಂದು ಕೇಳಿ, ಆಡುಗಳನ್ನು ಆಚೆ ತಳ್ಳಿ ಕೀಲಿ ಕೊಟ್ಟಳು.

ವಿಶಾಖಾ ಹೊಡೆತದ ಕೇಸು ಹಾಕಿದಳು; ಅಪ್ಪನಿಗೆ ಶನಿವಾರದ ಭೇಟಿ ಸಿಕ್ಕದ್ದು ಆ ಕೇಸಿನಲ್ಲೇ. ಆರು ತಿಂಗಳಾದ ಮೇಲೆ ಅಶ್ವಜಿತನ ಅರ್ಜಿ ಬಂತು. ಮಗಳು ತನ್ನ ಹತ್ತಿರವೇ ಇರಬೇಕು. ತಾನು ಕಾಲೇಜಿನ ಗುಮಾಸ್ತ, ಸ್ವಂತ ಮನೆ, ಮೂರು ಕೋಣೆ. ತಾಯಿ ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿಯಲು ಹೋಗುವವಳು, ಇರುವುದು ಒಂದೇ ಕೋಣೆಯಲ್ಲಿ, ಅದರಲ್ಲೂ ಆಡು. ಅರ್ಜಿಯ ಜೊತೆ ಅರವತ್ತನಾಲ್ಕು ಫೋಟೋ. ಎಲ್ಲದರಲ್ಲೂ ಅಪ್ಪ ನಗುತ್ತಿದ್ದ.

ನ್ಯಾಯಾಧೀಶರು ಆಲ್ಬಂ ತಿರುವಿ ಹಾಕಿದರು. ಹೆಂಡತಿಗೆ ಹೊಡೆದನೆಂಬ ಆರೋಪ ಬೇರೆ, ಮಗುವಿನ ಹಿತ ಬೇರೆ ಎಂದರು. ತಂದೆ ಮಗುವಿಗೆ ಎಂದಾದರೂ ಹೊಡೆದಿದ್ದಾನೆಯೇ ಎಂದು ಕೇಳಿದರು. ವಿಶಾಖಾ, "ಇಲ್ರಿ" ಎಂದಳು. ಅದು ನಿಜವಾಗಿತ್ತು. ಹಾಗಾದರೆ ಎರಡೂ ಮನೆ ನೋಡಿ ವರದಿ ಕೊಡಿ ಎಂದು ಕಲ್ಯಾಣ ಅಧಿಕಾರಿ ಪ್ರಮಿಲಾ ಅವರಿಗೆ ಹೇಳಿದರು.

ಪ್ರಮಿಲಾ ಕೆಟ್ಟವರಲ್ಲ. ದಣಿದವರು. ಅವರ ಚೀಲದಲ್ಲಿ ಅಂಥ ನಲವತ್ತು ಮನೆಗಳಿದ್ದವು. ಮೊದಲು ಭಾಲ್ಕಿ. ಮಗು ಅಲ್ಲಿ ಹೇಗೆ ಇರುತ್ತದೆಂದು ನೋಡಬೇಕು, ಕರೆದುಕೊಂಡು ಬನ್ನಿ, ಆದರೆ ನೀವು ಒಳಗೆ ಬರಬೇಡಿ ಎಂದರು. ವಿಶಾಖಾ ಎದುರಿನ ಕಟ್ಟೆಯ ಮೇಲೆ ಕುಳಿತಳು. ಒಂಬತ್ತು ವರ್ಷ ಗುಡಿಸಿದ ಮನೆ. ಬಾಗಿಲು ತೆರೆದಿತ್ತು. ಎಲ್ಲ ಕಾಣುತ್ತಿತ್ತು. ಆದರೆ ಅವಳಿಗೆ ಗುರುತು ಹತ್ತಲಿಲ್ಲ.

ಪಡಸಾಲೆಯಲ್ಲಿ ಅವಳಷ್ಟೇ ಎತ್ತರದ ಕೆಂಪು ಫ್ರಿಜ್ಜು. ಅದರ ಪಕ್ಕ ಮೀನಿನ ತೊಟ್ಟಿ. ಓದುವ ಮೇಜು, ಮೇಜಿನ ಮೇಲೆ ಭೂಗೋಳ. ಒಂದು ಬಿಳಿ ಮೊಲ, ಜೀವ ಇದ್ದದ್ದು. ಒಳಕೋಣೆಯ ಬಾಗಿಲಿಗೆ 'ಸುಮನಾಳ ಕೋಣೆ' ಎಂದು ಬಣ್ಣದ ಕಾಗದ. ಮಗಳ ಹೆಸರಿಗೆ ಅಪ್ಪ ಒಂದು ದೀರ್ಘ ಹೆಚ್ಚು ಕೊಟ್ಟಿದ್ದ. ಸುಭದ್ರಾಬಾಯಿ ಹೊಸ ಸೀರೆ ಉಟ್ಟು ಫ್ರಿಜ್ಜಿನ ಬಾಗಿಲು ತೆಗೆದು ತೋರಿಸುತ್ತಿದ್ದಳು. ತೆಗೆಯುವುದು ಯಾವ ಕಡೆಯಿಂದ ಎಂಬುದು ಅವಳಿಗೆ ಎರಡನೇ ಸಲಕ್ಕೆ ಗೊತ್ತಾಯಿತು.

ಪ್ರಮಿಲಾ ಕಪಾಟು ತೆರೆದರು. ತುಂಬ ಹೊಸ ಫ್ರಾಕು. ಸುಮನ ಒಂದನ್ನು ಎದೆಗೆ ಹಿಡಿದು ನೋಡಿದಳು. ಅದು ಹೊಕ್ಕುಳಿಗೆ ಮುಗಿಯಿತು.

"ಇದು ಸಣ್ಣದಾಗ್ತದ ಆಯಿ."

"ಬೆಳದ್ಮ್ಯಾಲ ಬರ್ತದ ತಗೋ" ಎಂದಳು ಸುಭದ್ರಾಬಾಯಿ.

ಪ್ರಮಿಲಾ ಬಂದದ್ದು ತಡ. ಮೂರಕ್ಕೆ ಎಂದವರು ನಾಲ್ಕೂಕಾಲಿಗೆ ಬಂದಿದ್ದರು. ಎಡವಟ್ಟಾದದ್ದು ಅಲ್ಲಿ. ಐದಕ್ಕೆ ಪಕ್ಕದ ಮನೆಯ ಹೆಂಗಸು ಸೆರಗಿಗೆ ಕೈ ಒರೆಸುತ್ತ ಬಂದು ಹೊಸ್ತಿಲಲ್ಲಿ ನಿಂತಳು.

"ಸುಭದ್ರಾಬಾಯಿ, ನಾಕಕ್ಕ ಕೊಡ್ತೀನಿ ಅಂದಿದ್ರಿ. ನನ್ನ ಹಾಲು ಒಡೀಲತ್ತಾವ."

"ಏನು?" ಎಂದರು ಪ್ರಮಿಲಾ.

"ಏನಿಲ್ರಿ ಮೇಡಂ, ಅವ್ರು ನಮ್ಮ ಫ್ರಿಜ್ನ್ಯಾಗ ಹಾಲು ಇಡ್ತಾರ್ರಿ" ಎಂದ ಅಶ್ವಜಿತ.

ಆ ಹೆಂಗಸಿಗೆ ಇದು ಸೇರಲಿಲ್ಲ. "ಯಾರ ಫ್ರಿಜ್ ರೀ? ಕಂತು ತುಂಬ್ಲತ್ತೀವಿ ನಾವು." ಅವಳು ಗಂಡನನ್ನು ಕರೆದಳು. ಗಂಡ ಭಾವಮೈದುನನನ್ನು ಕರೆದ. ಇಬ್ಬರೂ ಪ್ರಮಿಲಾ ಅವರಿಗೆ ನಮಸ್ಕಾರ ಮಾಡಿ, ಪ್ಲಗ್ಗು ಕಿತ್ತು, ಫ್ರಿಜ್ಜನ್ನು ಎತ್ತಿಕೊಂಡು ಹೋದರು. ಅವರ ಹಿಂದೆಯೇ ಟ್ಯೂಷನ್ ಹೇಳುವ ಮಾಸ್ತರು ಬಂದು, ಮಕ್ಕಳು ನೆಲದ ಮೇಲೆ ಕುಳಿತಿದ್ದಾರೆಂದು ಹೇಳಿ ಮೇಜು ಒಯ್ದರು. ಭೂಗೋಳ ಮರೆತು ಮತ್ತೆ ಬಂದರು. ಮೀನಿನವರು ಬಂದರು. ಮೊಲದವರು ಬಂದಾಗ ಮೊಲ ಮಂಚದ ಕೆಳಗೆ ಹೊಕ್ಕಿತ್ತು. ಅಶ್ವಜಿತ ಇಸ್ತ್ರಿ ಅಂಗಿಯಲ್ಲೇ ಹೊಟ್ಟೆಯ ಮೇಲೆ ಮಲಗಿ ಅದನ್ನು ಎಳೆದು ಕೊಟ್ಟ. ಕಟ್ಟೆಯ ಮೇಲೆ ಕುಳಿತಿದ್ದ ವಿಶಾಖಾಗೆ ನಗು ಬಂತು. ಆ ಮನೆಯ ಎದುರು ಅವಳಿಗೆ ನಗು ಬಂದದ್ದು ಬಹಳ ವರ್ಷದ ಮೇಲೆ. ಹೊಟ್ಟೆ ನೋಯುವವರೆಗೆ ಸೆರಗು ಕಚ್ಚಿ ನಕ್ಕಳು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಪ್ರಮಿಲಾ ಅವರ ತೊಡೆಯ ಮೇಲೆ ಫಾರಂ ಇತ್ತು. ಫ್ರಿಜ್: ಇದೆ. ಓದುವ ಮೇಜು: ಇದೆ. ಪ್ರತ್ಯೇಕ ಕೋಣೆ: ಇದೆ. ಒಟ್ಟು ಅಭಿಪ್ರಾಯ: ತೃಪ್ತಿಕರ.

ವಿಶಾಖಾಳ ನಗು ನಿಂತಿತು. "ಮೇಡಂ, ನಿಮ್ಮ ಕಣ್ಣೆದುರೇ ಹೊತ್ಕೊಂಡು ಹೋದ್ರಲ್ರಿ."

"ನಾ ಒಳಗ ಹೋದಾಗ ಇತ್ತಲ್ಲವಾ. ಆಗ್ಲೇ ಬರ್ದಿದ್ದೆ. ಕಾಲಂ ಒಳಗ ಇದೆ ಅಥವಾ ಇಲ್ಲ ಅಂತ ಎರಡೇ ಅವ. ಹೋಯ್ತು ಅಂತ ಕಾಲಂ ಇಲ್ಲ."

ವಿಶಾಖಾ ಕಿಟಕಿಯ ಕಡೆ ತಿರುಗಿದಳು. ಬಚ್ಚಲದಲ್ಲಿ ಜಾರಿದಳು ಎಂದು ಬರೆದ ಡಾಕ್ಟರೂ ಕೆಟ್ಟವರಾಗಿರಲಿಲ್ಲ. ಅವರೂ ದಣಿದಿದ್ದರು. ದಣಿದವರೆಲ್ಲ ಸೇರಿ ಅವಳ ಬದುಕು ಬರೆಯುತ್ತಿದ್ದರು.

ಎರಡು ದಿನ ಬಿಟ್ಟು ಪ್ರಮಿಲಾ ಮೈಲೂರಿಗೆ ಬಂದರು. ವಿಶಾಖಾ ಸಾರಿಸಿ, ಇದ್ದ ಒಂದು ಕುರ್ಚಿ ಹಾಕಿದಳು. ಯಾರಿಂದಲೂ ಏನೂ ತಂದಿರಲಿಲ್ಲ. ಫ್ರಿಜ್: ಇಲ್ಲ. ಮೇಜು: ಇಲ್ಲ. ಪ್ರತ್ಯೇಕ ಕೋಣೆ: ಇಲ್ಲ. ಇಲ್ಲ ಇಲ್ಲ ಎಂದು ಬರೆಯುತ್ತ ಕೆಳಗೆ ಬಂದರು. ಒಟ್ಟು ಅಭಿಪ್ರಾಯ ಎಂಬಲ್ಲಿ ಪೆನ್ನು ನಿಂತಿತು. ಸುಮನ ಒಲೆಯ ಪಕ್ಕ ಕುಳಿತು ಬಿಸಿ ರೊಟ್ಟಿಯ ಮೇಲೆ ಖಾರ, ಎಣ್ಣೆ ಸವರಿ ಮಡಚಿ, ಮೇಡಂಗೆ ಒಂದು ತಂದು ಕೊಟ್ಟಳು. ಪ್ರಮಿಲಾ ಬೆಳಗಿನಿಂದ ಏನೂ ತಿಂದಿರಲಿಲ್ಲ. ಫಾರಂ ಕೆಳಗಿಟ್ಟು ರೊಟ್ಟಿ ಹಿಡಿದರು.

ಅಷ್ಟು ಸಾಕಾಯಿತು. ಕುಲಸುಮಬೀಯ ಕರಿ ಆಡು ಒಳಗೆ ಬಂದು ಫಾರಮ್ಮನ್ನು ಎತ್ತಿಕೊಂಡಿತು. ಪ್ರಮಿಲಾ ಒಂದು ತುದಿ ಹಿಡಿದರು. ಆಡು ಇನ್ನೊಂದು ತುದಿ ಬಿಡಲಿಲ್ಲ. ಕುಲಸುಮಬೀ ಓಡಿ ಬಂದು ಆಡಿನ ಬಾಯಿಗೆ ಕೈ ಹಾಕಿದಳು. ಹೊರಗೆ ಬಂದದ್ದು ಸರ್ಕಾರದ ಮುದ್ರೆ ಇದ್ದ ಒಂದು ಬೆರಳಗಲದ ತುಂಡು.

"ಮಾಫ್ ಮಾಡ್ರಿ ಮೇಡಂ. ಇದಕ್ಕ ಓದೂದು ಬಹಳ ಶೌಕು" ಎಂದಳು ಕುಲಸುಮಬೀ.

ಒಂದು ಮನೆಗೆ ಒಂದೇ ಫಾರಂ ಕೊಡುತ್ತಿದ್ದರು. ಇನ್ನೊಂದು ಬೇಕಾದರೆ ಮೊದಲನೆಯದು ಏನಾಯಿತೆಂದು ಬರೆದುಕೊಡಬೇಕು. ಪ್ರಮಿಲಾ ರೊಟ್ಟಿ ಮುಗಿಸಿದರು. ಆಮೇಲೆ ಸುಮನಳ ನೋಟುಬುಕ್ಕಿನಿಂದ ಒಂದು ಹಾಳೆ ಕೇಳಿದರು. ಆ ಹಾಳೆಯ ಮೂಲೆಯಲ್ಲಿ ಒಂದು ಬಾತುಕೋಳಿಯ ಚಿತ್ರ. ಕಾಲಂ ಇರಲಿಲ್ಲ. ಏನು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಕಂಡದ್ದನ್ನು ಬರೆಯತೊಡಗಿದರು. ಅವರು ಬರೆಯುವಾಗ ಸುಮನ ಹತ್ತಿರ ಬಂದು ನಿಂತಳು.

"ಮೇಡಂ, ಭಾಲ್ಕಿ ಫ್ರಿಜ್ ತನ್ನ ಮನಿಗಿ ಹೋಗಿ ಮುಟ್ತೇನ್ರಿ?"

ಪ್ರಮಿಲಾ ಅವಳ ಮುಖ ನೋಡಿದರು. ಅದನ್ನೂ ಬರೆದರು.

ವಿಚಾರಣೆಯ ದಿನ ಕುಲಸುಮಬೀ ಬುರ್ಖಾ ಹಾಕಿಕೊಂಡು ತಾನೂ ಬಂದಳು. ಸರ್ಕಾರಿ ಕಾಗದ ತಿಂದದ್ದಕ್ಕೆ ಕೇಸಾಗಬಹುದು, ಆದರೆ ತಪ್ಪು ಆಡಿನದು, ಹುಡುಗಿಯದಲ್ಲ ಎಂದು ಹೇಳಬೇಕಿತ್ತು ಅವಳಿಗೆ.

ಕೋರ್ಟು ಕೂಡುವ ಮೊದಲು ವಿಶಾಖಾಳ ವಕೀಲ ಸುಶೀಲಕುಮಾರ ಅವಳನ್ನು ಪಕ್ಕದ ಕೋಣೆಗೆ ಕರೆದ. ಅಲ್ಲಿ ಅಲುಗಾಡುವ ಒಂದು ಮೇಜು. ಅದರ ಆಚೆ ಅಶ್ವಜಿತ ಮತ್ತು ಅವನ ವಕೀಲ. ಮೇಜಿನ ಮೇಲೆ ಟೈಪು ಮಾಡಿದ ರಾಜಿ ಪತ್ರ.

"ನೋಡವ್ವಾ, ಭಾಲ್ಕಿ ವರದಿ ಚಲೋ ಬಂದದ. ಹುಡುಗಿ ಹೋಗ್ತಾಳ. ಅದರ ಬದಲಿ ಮಗುವಿನ ಹಿತಕ್ಕಾಗಿ ನೀನೂ ಹೋಗಿ ಹದಿನೈದು ದಿನ ಇದ್ದು ನೋಡು. ಟ್ರಯಲ್."

"ಟ್ರಯಲ್ ಅಂದ್ರ ಏನ್ರಿ?"

"ಇದ್ದು ನೋಡೂದು."

"ಒಂಬತ್ತು ವರ್ಷ ಇದ್ದು ನೋಡೀನ್ರಿ."

"ಈಗ ಬರವಣಿಗಿ ಇರ್ತದಲ್ಲ. ಹೊಡಿಯಾಂಗಿಲ್ಲ ಅಂತ ಐದನೇ ನಂಬರಿನ್ಯಾಗ ಹಾಕೀವಿ."

"ಹೊಡದ್ರ?"

"ಷರತ್ತು ಮುರದಾಂಗ ಆಗ್ತದ. ನೀ ಅರ್ಜಿ ಬರಕೊಡಬೇಕು."

"ಯಾವ ಕೈಲೆ ಬರೀಲ್ರಿ?"

ಸುಶೀಲಕುಮಾರ ಪೆನ್ನು ಮುಂದೆ ಚಾಚಿದವನು ಹಾಗೇ ಹಿಡಿದು ನಿಂತ. ಅಶ್ವಜಿತ ಬಾಚಣಿಗೆ ತೆಗೆದ. ವಿಶಾಖಾ ರಾಜಿ ಪತ್ರವನ್ನು ತೆಗೆದುಕೊಂಡಳು. ಎಲ್ಲರೂ ಸಹಿ ಮಾಡುತ್ತಾಳೆಂದುಕೊಂಡರು. ಅವಳು ಎಡಗೈಯಿಂದ ಅದನ್ನು ಎರಡು ಮಡಿಕೆ ಮಾಡಿದಳು, ನಾಲ್ಕು ಮಾಡಿದಳು, ಎಂಟು ಮಾಡಿದಳು. ಬಗ್ಗಿ ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕಿದಳು. ಎದ್ದು ಮೇಜನ್ನು ಒತ್ತಿ ನೋಡಿದಳು.

"ಈಗ ಅಲುಗಾಡಲ್ಲ ನೋಡ್ರಿ" ಎಂದು ಹೊರಗೆ ಬಂದಳು.

ಬೆಂಚಿನ ಮೇಲೆ ಸುಮನಳ ಪಕ್ಕ ಕುಳಿತಳು. ಮಗಳು ಇವತ್ತು ಸಂಜೆ ಆ ಬಾಗಿಲೊಳಗೆ ಹೋಗಬಹುದು. ಅವಳು ಸುಮನಳ ಜಡೆ ಬಿಚ್ಚಿ ಮತ್ತೆ ಹಾಕಿದಳು. ಬಿಚ್ಚಿ ಮತ್ತೆ ಹಾಕಿದಳು.

ನ್ಯಾಯಾಧೀಶರು ಭಾಲ್ಕಿಯ ವರದಿ ಓದಿ ತಲೆಯಾಡಿಸಿದರು. ಆಮೇಲೆ ಬಾತುಕೋಳಿಯ ಹಾಳೆ ಬಂತು. ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೇನಿದು? ಫಾರಂ ಎಲ್ಲಿ?"

ಪ್ರಮಿಲಾ ಎದ್ದು ನಿಂತರು. "ಆಡು ತಿಂತು ಸರ್."

"ಯಾರು?"

"ಆಡು ಸರ್. ಕರೀದು."

ಟೈಪು ಮಾಡುವ ಹುಡುಗಿ ಕೈ ನಿಲ್ಲಿಸಿ, ಇದನ್ನು ಹಾಕಲೇ ಎಂದು ಕೇಳಿದಳು. ನ್ಯಾಯಾಧೀಶರು ಬೇಡ ಎಂದರು. ಹಿಂದಿನ ಬೆಂಚಿನಿಂದ ಕುಲಸುಮಬೀ ಎದ್ದು, "ಹಾಕ್ರಿ ಸಾಹೇಬ್ರ, ಗುನ್ಹೆ ಅದರದೇ ಅದ" ಎಂದಳು. ನಿಜಾಮೋದ್ದೀನ ಅವಳನ್ನು ಕೂಡಿಸಿದ. ನ್ಯಾಯಾಧೀಶರು ಹಾಳೆ ಓದತೊಡಗಿದರು. ಫ್ರಿಜ್ಜು ತನ್ನ ಮನೆ ಮುಟ್ಟಿತೇ ಎಂಬ ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಮಗುವನ್ನು ಒಳಗೆ ಕಳಿಸಿ. ಒಬ್ಬಳನ್ನೇ."

ಒಳಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ. ನಿಜಾಮೋದ್ದೀನ ಅದನ್ನು ಹೊರಗಿನಿಂದ ಪಾದದಲ್ಲಿ ಒತ್ತಿ ಹಿಡಿಯಬೇಕಿತ್ತು. ಅವನ ಪಾದ ಒಂದು ಕ್ಷಣ ಒತ್ತುತ್ತಿತ್ತು, ಒಂದು ಕ್ಷಣ ಮರೆಯುತ್ತಿತ್ತು. ಬೆಂಚಿನ ಮೇಲಿದ್ದವರಿಗೆಲ್ಲ ಕೇಳುತ್ತಿತ್ತು.

"ಫ್ರಿಜ್ಜು ಎಲ್ಲಿಗೆ ಹೋಯಿತು ಪುಟ್ಟಿ?"

"ಬಾಜು ಮನಿಗ್ರಿ. ಮೇಜು ಮಾಸ್ತರ ಮನಿಗಿ. ಮೊಲ ಹೋಗಾಂಗಿಲ್ಲ ಅಂತಿತ್ತು. ಪಪ್ಪಾ ಕಾಲು ಹಿಡದು ಎಳದ."

ನ್ಯಾಯಾಧೀಶರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಮಗುವನ್ನು ಮಾತಿಗೆ ಎಳೆಯಲು ಸಾಲೆಯ ವಿಷಯ ತೆಗೆದರು.

"ಎಣಿಸೋಕೆ ಬರುತ್ತಾ?"

"ಸಾಲ್ಯಾಗ ನೂರರ ತನಕ ಬರ್ತದ್ರಿ. ಪಪ್ಪಾನ ಮನ್ಯಾಗ ಇಪ್ಪತ್ತಾರರ ತನಕ."

"ಅಲ್ಯಾಕೆ ಇಪ್ಪತ್ತಾರೇ?"

"ಅಷ್ಟಕ್ಕ ಪಪ್ಪಾ ದಣೀತಿದ್ದ."

"ಏನು ಮಾಡಿ?"

"ಅವ್ವಗ ಹೊಡದು. ನನಗ ಹೊಡ್ಯಲ್ರಿ ಪಪ್ಪಾ. ನನಗ ಮೂಲ್ಯಾಗ ನಿಂದರ್ಸಿ ಎಣಸು ಅಂತಿದ್ದ. ನಡುವ ತಪ್ಪಿದ್ರ ಮತ್ತ ಒಂದರಿಂದ ಸುರು. ಹನ್ನೊಂದು ಹನ್ನೆರಡು ನನಗ ಬಹಳ ತಪ್ತಿತ್ರಿ. ಅದಕ್ಕ ಅವ್ವಗ ಜಾಸ್ತಿ ಆಗ್ತಿತ್ತು. ಈಗ ತಪ್ಪಲ್ಲ. ಹೇಳ್ಲೇನ್ರಿ?"

ಒಳಗಿನಿಂದ ಉತ್ತರ ಬರಲಿಲ್ಲ. ಸುಮನ ಅದನ್ನು ಹೌದು ಎಂದು ತಿಳಿದು ಎಣಿಸತೊಡಗಿದಳು. ಒಂದು, ಎರಡು, ಮೂರು. ಸಾಲೆಯ ರಾಗದಲ್ಲಿ. ನಿಜಾಮೋದ್ದೀನ ಬಾಗಿಲಿನಿಂದ ಪಾದ ತೆಗೆದ. ಹನ್ನೊಂದು, ಹನ್ನೆರಡು ಸರಿಯಾಗಿ ಬಂದವು. ವಿಶಾಖಾ ಎರಡೂ ಕೈಗಳಿಂದ ಬೆಂಚಿನ ಅಂಚು ಹಿಡಿದಿದ್ದಳು. ಈ ಮಾತನ್ನು ಅವಳು ಹದಿನಾಲ್ಕು ತಾರೀಖುಗಳಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಮಗಳು ಮರೆತಿದ್ದಾಳೆ ಎಂದುಕೊಂಡಿದ್ದಳು. ಮರೆಯಲಿ ಎಂದು ತಾನೂ ಮರೆತವಳ ಹಾಗೆ ಇದ್ದಳು. ಇಪ್ಪತ್ತಕ್ಕೆ ಮುಟ್ಟುವ ಮೊದಲು ನ್ಯಾಯಾಧೀಶರ ದನಿ ಕೇಳಿತು.

"ಸಾಕು ಮಗೂ. ಸಾಕು."

ಮಧ್ಯಾಹ್ನ ಆದೇಶ ಬಂತು. ಇಂಗ್ಲಿಷಿನಲ್ಲಿತ್ತು. ಸುಶೀಲಕುಮಾರ ವರಾಂಡದಲ್ಲಿ ನಿಂತು ಕನ್ನಡ ಮಾಡಿ ಹೇಳಿದ. ಅವನಿಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಮಗಳು ತಾಯಿಯ ಹತ್ತಿರವೇ ಇರತಕ್ಕದ್ದು. ತಂದೆ ಬಂದರೆ ಅಧಿಕಾರಿಯ ಎದುರೇ ಭೇಟಿ, ಫೋನು ಹೊರಗೆ. ತಾಯಿಯ ಮೇಲೆ ನಡೆದಿದೆ ಎಂದು ಆರೋಪಿಸಲಾದ ಹಿಂಸೆಯನ್ನು ಮುಂದೆ ಮೂಲ ಕೇಸಿನಲ್ಲಿ ನೋಡಲಾಗುವುದು.

"ಇನ್ನೂ ಆರೋಪ ಏನ್ರಿ ಅದು?" ಎಂದಳು ವಿಶಾಖಾ.

"ಸಾಬೀತ್ ಆಗೂ ತನಕ ಹಂಗೇ ಬರೀತಾರವ್ವಾ."

ಕುಲಸುಮಬೀ ವಿಶಾಖಾಳ ಬಲಗೈ ಎತ್ತಿ ವಕೀಲನ ಮೂಗಿನ ಹತ್ತಿರ ಹಿಡಿದಳು. "ಇದು ಕೈ ಅಂತ ಮೊದಲ ಸಾಬೀತ್ ಮಾಡ್ರಿ ಹಂಗಾರ" ಎಂದು ಬಿಟ್ಟಳು.

ಮೆಟ್ಟಿಲ ಕೆಳಗೆ ಅಶ್ವಜಿತ ಕಾಯುತ್ತಿದ್ದ. ಕೂದಲು ಕೆದರಿತ್ತು. ಸುಭದ್ರಾಬಾಯಿ ಅವನ ತೋಳು ಎಳೆಯುತ್ತಿದ್ದಳು. ಅವನು ಬಿಡಿಸಿಕೊಂಡು ವಿಶಾಖಾಳ ಎದುರು ಬಂದು ಬೆರಳು ಎತ್ತಿದ. ಆ ಬೆರಳು ಎತ್ತಿದಾಗಲೆಲ್ಲ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಕಾಲು ತಾವಾಗಿ ಸರಿಯುತ್ತಿದ್ದವು. ಈಗ ಹಿಂದೆ ಮೆಟ್ಟಿಲಿತ್ತು. ಸರಿದಿದ್ದರೆ ಒಂದು ಮೆಟ್ಟಿಲು ಮೇಲೆ ಹತ್ತಬೇಕಾಗುತ್ತಿತ್ತು. ಅವಳು ಹತ್ತಲಿಲ್ಲ, ಇಳಿಯಲೂ ಇಲ್ಲ.

"ಇಲ್ಲಿಗಿ ಮುಗೀತು ಅನ್ಕೋಬ್ಯಾಡ. ಕಲಬುರಗಿ ಹೈಕೋರ್ಟಿಗಿ ಹೋಗ್ತೇನಿ ನಾ."

ಮದುವೆಯಾದಾಗಿನಿಂದ ಅವಳು ಅವನಿಗೆ ನೀವು ಎನ್ನುತ್ತಿದ್ದಳು. ಊಟಕ್ಕ ಬರ್ರಿ. ಹೊಡಿಬ್ಯಾಡ್ರಿ. ಕೈ ಮುರೀತ್ರಿ. ಹೊಡೆತದ ನಡುವೆಯೂ ಆ 'ರಿ' ಬಿಟ್ಟಿರಲಿಲ್ಲ.

"ಹೋಗು" ಎಂದಳು.

ಅಶ್ವಜಿತನ ಬೆರಳು ಗಾಳಿಯಲ್ಲೇ ಉಳಿಯಿತು. ಸುಭದ್ರಾಬಾಯಿ ಬಾಯಿ ತೆರೆದಳು.

"ನೀ ಮುಂದ ಹೋಗು. ನಾ ಹಿಂದಿಂದ ಬರ್ತೇನಿ" ಎಂದಳು ವಿಶಾಖಾ.

ಆಮೇಲೆ ಅವನ ಪಕ್ಕದಿಂದ ಹಾದು, ಗೇಟಿನ ಹತ್ತಿರ ಬೀಡಿ ಹಚ್ಚಿಕೊಳ್ಳುತ್ತಿದ್ದ ನಿಜಾಮೋದ್ದೀನನ ಕಡೆ ನಡೆದಳು.

"ಭಾಯಿ, ಕಲಬುರಗಿಗಿ ಮುಂಜಾನಿ ಮೊದಲ ಬಸ್ ಎಷ್ಟಕ್ಕದರಿ?"